"ಅಕ್ಕ ಕೊಟ್ಟಳು, ತಮ್ಮ ಉಳಿದ" ಅನ್ನೋ ಕಥೆಯಲ್ಲಿ ಬಿಟ್ಟುಹೋದವರು

ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂತು, ಸ್ಟೆಮ್ ಸೆಲ್ (ರಕ್ತದ ಕಣಗಳನ್ನು ಹುಟ್ಟಿಸುವ ಮೂಲ ಕಣ) ಕಸಿ ಆಯಿತು, ಈಗ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ನೆಂಟರು ಈ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: "ಅಕ್ಕ ಕೊಟ್ಟಳು, ತಮ್ಮ ಉಳಿದ." ಆ ಅಕ್ಕ ನಾನೇ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಲೆಕ್ಕ ತಪ್ಪು. ನಾನು ಕೊಟ್ಟಿದ್ದು ಕೆಲವು ದಿನದ ಇಂಜೆಕ್ಷನ್, ಒಂದಿಷ್ಟು ಮೂಳೆ ನೋವು, ಒಂದು ಯಂತ್ರದ ಪಕ್ಕ ಮಲಗಿ ಕಳೆದ ಹೊತ್ತು. ಅಷ್ಟಕ್ಕೆ ನನಗೆ ಸಿಕ್ಕ ಹೊಗಳಿಕೆ ಅಳತೆ ಮೀರಿತ್ತು. ಅದೇ ಹೊತ್ತಿನಲ್ಲಿ ತಿಂಗಳುಗಟ್ಟಲೆ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದವರ ಹೆಸರು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರು ಏನು ಮಾಡಿದರು, ಯಾವ ಸಹಾಯ ನಿಜಕ್ಕೂ ಕೆಲಸಕ್ಕೆ ಬಂತು, ಯಾವುದು ಭಾರ ಆಯಿತು, ಕೊನೆಗೆ ಥ್ಯಾಂಕ್ಸ್ ಹೇಳುವ ಕೆಲಸ ಹೇಗೆ ನಡೆಯಿತು ಅನ್ನುವುದೆಲ್ಲ ಒಂದು ಕಡೆ ಇರಲಿ ಅಂತ. ತಮ್ಮನೂ ಅವನ ಹೆಂಡತಿಯೂ ಓದಿ ಒಪ್ಪಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ

ತಮ್ಮನಿಗೆ ಆಗ ನಲವತ್ತು ದಾಟಿತ್ತು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ನಮ್ಮ ಅಮ್ಮ. ಮೊದಲು ಬಂದಿದ್ದು ಸುಸ್ತು. ಯಾರಿಗಿಲ್ಲ ಸುಸ್ತು ಅಂತ ಸುಮ್ಮನಿದ್ದರು. ಆಮೇಲೆ ಎಲ್ಲೂ ಪೆಟ್ಟು ಬೀಳದೆ ಕಾಲಿನ ಮೇಲೆ ನೀಲಿ ಕಲೆಗಳು, ಹಲ್ಲುಜ್ಜುವಾಗ ರಕ್ತ. ರಕ್ತ ಪರೀಕ್ಷೆ ಮಾಡಿಸಿದರೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು. ಆರೋಗ್ಯವಾಗಿರುವವರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತದೆ. ಇವನಲ್ಲಿ 20,000 ಕೂಡ ಇರಲಿಲ್ಲ. ಅಸ್ಥಿಮಜ್ಜೆಯ ಪರೀಕ್ಷೆ ಆದ ಮೇಲೆ ಹೆಸರು ಗೊತ್ತಾಯಿತು: ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್.

ಈ ಕಾಯಿಲೆಯಲ್ಲಿ ಯೋಚನೆ ಮಾಡಲು ಸಮಯ ಸಿಗುವುದಿಲ್ಲ. ಮಜ್ಜೆಯ ತುಂಬ ಬಲಿಯದ ಕಣಗಳೇ ತುಂಬಿಕೊಂಡು, ಸರಿಯಾದ ಕಣಗಳು ಹುಟ್ಟಲು ಜಾಗವೇ ಇರುವುದಿಲ್ಲ. ಹಾಗಾಗಿ ಕೀಮೋ ತಕ್ಷಣ ಶುರುವಾಗುತ್ತದೆ. ಮೊದಲ ಸುತ್ತನ್ನು ವೈದ್ಯರು 'ಏಳು ಪ್ಲಸ್ ಮೂರು' ಅನ್ನುತ್ತಾರೆ: ಸೈಟರಾಬಿನ್ 7 ದಿನ, ಅದರ ಜೊತೆ ಆಂಥ್ರಾಸೈಕ್ಲಿನ್ ಗುಂಪಿನ ಔಷಧಿ 3 ದಿನ. ಕೆಟ್ಟ ಕಣ ಸಾಯಬೇಕಾದರೆ ಒಳ್ಳೆಯವೂ ಸಾಯುತ್ತವೆ. ಆಮೇಲೆ ಮಜ್ಜೆ ಚೇತರಿಸಿಕೊಳ್ಳುವವರೆಗೆ ಕೆಲವು ವಾರ ರೋಗಿಗೆ ಸ್ವಂತ ರಕ್ತ ಅನ್ನುವುದು ಹೆಚ್ಚುಕಡಿಮೆ ಇಲ್ಲ. ಬೇರೆಯವರ ರಕ್ತದಲ್ಲೇ ಬದುಕಬೇಕು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಹಾಗೇ.

ಇಲ್ಲಿ ಒಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಮುಂದೆ ಕಸಿ ಬೇಕಾಗಬಹುದು ಅಂತ ಅನ್ನಿಸಿದರೆ ಹತ್ತಿರದ ರಕ್ತಸಂಬಂಧಿಗಳ ರಕ್ತವನ್ನು ರೋಗಿಗೆ ಹಾಕುವುದಿಲ್ಲ. ರೋಗಿಯ ದೇಹ ಆ ಮನೆಯವರ ಕಣಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡರೆ, ನಾಳೆ ಅದೇ ಮನೆಯವರು ಸ್ಟೆಮ್ ಸೆಲ್ ಕೊಟ್ಟಾಗ ಅದನ್ನು ತಿರಸ್ಕರಿಸುವ ಅಪಾಯ ಇರುತ್ತದೆ. ಅಂದರೆ ನಾನು, ಅಮ್ಮ, ನಮ್ಮ ಮನೆಯವರೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ತೋಳು ಮಡಚಿಕೊಂಡು ನಿಂತಿದ್ದರೂ ಒಂದು ತೊಟ್ಟು ಕೊಡುವ ಹಾಗಿರಲಿಲ್ಲ. ಈ ಕಾಯಿಲೆಯಲ್ಲಿ ಹೊರಗಿನವರ ಸಹಾಯ ಅನ್ನುವುದು ಔದಾರ್ಯದ ಮಾತಲ್ಲ, ಚಿಕಿತ್ಸೆಯ ಭಾಗವೇ. "ನಮ್ಮ ಮನೆ ನಾವು ನೋಡಿಕೊಳ್ಳುತ್ತೇವೆ" ಅನ್ನುವ ನಮ್ಮ ಅಮ್ಮನ ಹಟ ಮೊದಲ ವಾರದಲ್ಲೇ ಮುರಿದುಬಿತ್ತು. ಅವಳಿಗೆ ಅದು ಕಾಯಿಲೆಯಷ್ಟೇ ಕಷ್ಟದ ಸುದ್ದಿ ಆಗಿತ್ತು.

ಒಂದೇ ನಂಬರ್

ಸುದ್ದಿ ಹಬ್ಬಿದ ದಿನದಿಂದ ತಮ್ಮನ ಹೆಂಡತಿಯ ಫೋನ್ ನಿಲ್ಲಲಿಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ಕಾಳಜಿಯೇ. ಆದರೆ ಅದೇ ವಿಷಯವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಹೇಳಬೇಕು, ಹೇಳಿದ ಮೇಲೆ ಆ ಕಡೆಯವರು ಅತ್ತರೆ ಇವಳೇ ಸಮಾಧಾನ ಮಾಡಬೇಕು, ಕೊನೆಗೆ ಅವರು "ಏನಾದರೂ ಬೇಕಾದರೆ ಹೇಳು" ಅಂದಾಗ "ಆಯ್ತು, ಖಂಡಿತ" ಅನ್ನಬೇಕು. ಏನು ಬೇಕು ಅಂತ ಅವಳಿಗೇ ಗೊತ್ತಿಲ್ಲದಿದ್ದಾಗ ಏನಂತ ಹೇಳುವುದು? ಬಾಯಿ ಬಿಟ್ಟು ಕೇಳುವುದೂ ಒಂದು ಕೆಲಸವೇ ಅಲ್ವಾ.

ಈ ಗಂಟು ಬಿಚ್ಚಿದ್ದು ಅವಳ ಆಫೀಸಿನ ಒಬ್ಬ ಸಹೋದ್ಯೋಗಿ. ತೀರಾ ಹತ್ತಿರದ ಸ್ನೇಹಿತೆ ಕೂಡ ಅಲ್ಲ, ಪಕ್ಕದ ವಿಭಾಗದವರು. ಅವರು ಬಂದು ಸಮಾಧಾನದ ಮಾತು ಒಂದೂ ಆಡಲಿಲ್ಲ. "ಇನ್ನು ಮೇಲೆ ಎಲ್ಲರಿಗೂ ನನ್ನ ನಂಬರ್ ಕೊಡು. ದಿನಾ ಸಂಜೆ ನನಗೆ ನಾಲ್ಕು ಸಾಲು ಕಳಿಸು, ಉಳಿದಿದ್ದು ನಾನು ನೋಡುತ್ತೇನೆ" ಅಂದರು. ಅವತ್ತಿನಿಂದ ಸಂಜೆ ಒಂದು ಮೆಸೇಜ್ ಎಲ್ಲರಿಗೂ ಒಟ್ಟಿಗೆ ಹೋಗುತ್ತಿತ್ತು: ಇವತ್ತು ಜ್ವರ ಇದೆ ಅಥವಾ ಇಲ್ಲ, ಕೌಂಟ್ ಇಷ್ಟು, ನಾಳೆ ಬೇಕಾಗಿದ್ದು ಇಷ್ಟು. ಉತ್ತರ ಬರೆಯಬೇಡಿ ಅಂತ ಕೊನೆಯಲ್ಲಿ ಒಂದು ಸಾಲು. ಆ ಕೊನೆಯ ಸಾಲಿಗಾಗಿ ತಮ್ಮನ ಹೆಂಡತಿ ಇವತ್ತಿಗೂ ಅವರನ್ನು ನೆನೆಯುತ್ತಾಳೆ.

ಅವರು ಇನ್ನೊಂದು ಕೆಲಸ ಮಾಡಿದರು. "ಏನಾದರೂ ಬೇಕಾ" ಅಂತ ಕೇಳಿದವರಿಗೆ ವಾಪಸ್ ಕೇಳುತ್ತಿದ್ದರು: ನಿಮಗೆ ಯಾವ ದಿನ, ಎಷ್ಟು ಹೊತ್ತು ಬಿಡುವಿದೆ? ಗಾಡಿ ಓಡಿಸುತ್ತೀರಾ, ಗಣಿತ ಹೇಳಿಕೊಡುತ್ತೀರಾ, ವಿಮೆ ಕಾಗದ ಓದಿದರೆ ಅರ್ಥ ಆಗುತ್ತಾ? ಕೆಲವರು ಅಲ್ಲಿಗೇ ಮಾಯ ಆದರು. ಅದರಲ್ಲಿ ತಪ್ಪೇನಿಲ್ಲ, ಬಾಯಿ ಮಾತಿಗೆ ಹೇಳುವುದೂ ಒಂದು ಮರ್ಯಾದೆ. ಆದರೆ ಉಳಿದವರು ಸರಿಯಾಗಿ ಸಿಕ್ಕಿದರು. ವಿಮೆಯ ಕಾಗದ ಓದಬಲ್ಲವರು ಒಬ್ಬರು ನಿವೃತ್ತ ಕ್ಲರ್ಕ್. ಮನೆಯಲ್ಲಿ ಅವರ ಪರಿಚಯ ಯಾರಿಗೂ ಅಷ್ಟಾಗಿ ಇರಲಿಲ್ಲ. ಪ್ರತಿ ಬಿಲ್ಲಿಗೂ ಒಂದು ನಂಬರ್ ಹಾಕಿ, ಯಾವುದು ಕಳಿಸಿದೆ, ಯಾವುದಕ್ಕೆ ಉತ್ತರ ಬಂದಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟರು. ತಿರಸ್ಕಾರ ಆಗಿ ಬಂದ ಕ್ಲೇಮುಗಳನ್ನು ಬೇಜಾರಿಲ್ಲದೆ ಮತ್ತೆ ಮತ್ತೆ ಬರೆದು ಕಳಿಸಿದರು.

ರಕ್ತಕ್ಕೆ ಜನ ಸಾಲದು, ಕ್ಯಾಲೆಂಡರ್ ಬೇಕು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸು ಸುಮ್ಮನೆ ವ್ಯರ್ಥ ಆಗುವುದು ಇಲ್ಲೇ.

ಮೊದಲ ಮೆಸೇಜ್ ಹೋದ ಮರುದಿನ ರಕ್ತನಿಧಿಯ ಮುಂದೆ ಜನವೋ ಜನ. ತಮ್ಮನ ಹಳೆಯ ಸಹಪಾಠಿಗಳು, ಮಕ್ಕಳ ಶಾಲೆಯ ಪೋಷಕರು, ಅವರ ಗೆಳೆಯರು. ನೋಡಿ ನಮ್ಮ ಕಣ್ಣು ತುಂಬಿತು. ಅಲ್ಲಿನ ಸಿಬ್ಬಂದಿ ಮಾತ್ರ ತಲೆ ಮೇಲೆ ಕೈ ಹೊತ್ತರು. ಕೆಂಪು ರಕ್ತಕಣವನ್ನು ತಂಪಿನಲ್ಲಿಟ್ಟರೆ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ. ಅದನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ, 20ರಿಂದ 24 ಡಿಗ್ರಿಯಲ್ಲಿ, ನಿಧಾನವಾಗಿ ಅಲುಗಾಡಿಸುತ್ತಾ ಇಡಬೇಕು, ಹೆಚ್ಚಿನ ಕಡೆ 5 ದಿನ ಆದ ಮೇಲೆ ಎಸೆಯಬೇಕು. ಇವನಿಗೆ ಬೇಕಾಗಿದ್ದು ಹೆಚ್ಚಾಗಿ ಅದೇ. ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗೆ ಇಳಿದರೆ ರಕ್ತ ಸೋರದಿದ್ದರೂ ಹಾಕುತ್ತಾರೆ, ಜ್ವರ ಇದ್ದರೆ ಅದಕ್ಕೂ ಮೊದಲೇ. ಹಾಕಿದ್ದು ಕೆಲವು ದಿನದಲ್ಲಿ ಕರಗಿಹೋಗುತ್ತದೆ, ಸೋಂಕು ಇದ್ದರೆ ಇನ್ನೂ ಬೇಗ. ಅಂದರೆ ಇವತ್ತು ಎಲ್ಲರೂ ಬಂದು ಕೊಟ್ಟರೆ ಮುಂದಿನ ವಾರ ಕೈ ಖಾಲಿ. ಒಮ್ಮೆ ಪೂರ್ತಿ ರಕ್ತ ಕೊಟ್ಟವರು ಮತ್ತೆ ಕೊಡಲು ತಿಂಗಳುಗಳು ಕಾಯಬೇಕು.

ಅವತ್ತು ಬಂದ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ, ತಮ್ಮನ ಜೊತೆ ವಾರಾಂತ್ಯದಲ್ಲಿ ಆಡುತ್ತಿದ್ದವನು. ಸಿಬ್ಬಂದಿ ಹೇಳಿದ್ದನ್ನು ಕೇಳಿಸಿಕೊಂಡು, ಅಲ್ಲೇ ನಿಂತು ಎಲ್ಲರ ರಕ್ತದ ಗುಂಪು, ತೂಕ, ಕೊನೆಯ ಬಾರಿ ಯಾವಾಗ ಕೊಟ್ಟಿದ್ದು, ಆಸ್ಪಿರಿನ್ ತೆಗೆದುಕೊಂಡಿದ್ದಾರಾ ಅಂತ ಬರೆದುಕೊಂಡ. ಆಸ್ಪಿರಿನ್ ಯಾಕೆಂದರೆ ಅದು ಪ್ಲೇಟ್‌ಲೆಟ್‌ಗಳ ಕೆಲಸವನ್ನೇ ಕೆಡಿಸುತ್ತದೆ, ತೆಗೆದುಕೊಂಡವರು ಕೆಲವು ದಿನ ಕಾಯಬೇಕು. ಸಂಜೆಯ ಹೊತ್ತಿಗೆ ಅವನ ಹತ್ತಿರ ಒಂದು ಕ್ಯಾಲೆಂಡರ್ ತಯಾರಾಗಿತ್ತು. ಯಾರು ಯಾವ ದಿನ, ಅವರಿಗೆ ಆಗದಿದ್ದರೆ ಇನ್ನು ಯಾರು.

ಅದರಲ್ಲಿ ಮುಖ್ಯ ಆಗಿದ್ದು ಅಫೆರೆಸಿಸ್ ಮೂಲಕ ಕೊಡುವವರು. ಒಂದು ಯಂತ್ರ ರಕ್ತ ತೆಗೆದು, ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿಕೊಂಡು, ಉಳಿದಿದ್ದನ್ನು ವಾಪಸ್ ಮೈಗೆ ಬಿಡುತ್ತದೆ. ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಸೇರಿಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ತುಟಿ ಜುಮ್ಮೆನ್ನುತ್ತದೆ. ಆದರೆ ಮಾಮೂಲಿ ರಕ್ತದಾನ ಮಾಡಿದ ಐದಾರು ಜನರಿಂದ ಸಿಗುವಷ್ಟು ಪ್ಲೇಟ್‌ಲೆಟ್ ಇಲ್ಲಿ ಒಬ್ಬರಿಂದಲೇ ಸಿಗುತ್ತದೆ, ಅವರೇ ಕೆಲವು ದಿನ ಬಿಟ್ಟು ಮತ್ತೆ ಕೊಡಬಹುದು. ಹಾಗೆ ಮತ್ತೆ ಮತ್ತೆ ಬಂದವರಲ್ಲಿ ಒಬ್ಬ ಬಸ್ ಚಾಲಕರು ಇದ್ದರು. ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಿದ್ದರು. ನಿದ್ದೆ ಮಾಡದೆ ಬಂದರೆ ತೆಗೆದುಕೊಳ್ಳುವುದಿಲ್ಲ ಅಂತ ಸಿಬ್ಬಂದಿ ಒಮ್ಮೆ ವಾಪಸ್ ಕಳಿಸಿದರು. ಅವರು ಕೋಪ ಮಾಡಿಕೊಳ್ಳಲಿಲ್ಲ, ಮನೆಗೆ ಹೋಗಿ ಮಲಗಿ ಮಧ್ಯಾಹ್ನ ಬಂದರು. ತಮ್ಮನನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಬರಬೇಡಿ ಅಂದವರು

ಕೀಮೋ ಆದ ಮೇಲೆ ನ್ಯೂಟ್ರೋಫಿಲ್ ಕೌಂಟ್ 500ಕ್ಕಿಂತ ಕೆಳಗೆ ಹೋಗುತ್ತದೆ. ಸೋಂಕಿನ ಜೊತೆ ಹೋರಾಡುವ ಕಣ ಅದು. ಆ ಹಂತದಲ್ಲಿ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ತುರ್ತು ಪರಿಸ್ಥಿತಿ, ಆ್ಯಂಟಿಬಯೋಟಿಕ್ ಒಂದು ಗಂಟೆಯೊಳಗೆ ಶುರುವಾಗಬೇಕು ಅನ್ನುತ್ತಾರೆ. ನೋಡಲು ಬರುವವರನ್ನು ಬಿಡುವುದಿಲ್ಲ. ಹೂವು, ಕುಂಡದ ಗಿಡ ಕೂಡ ಬೇಡ, ನೀರಿನಲ್ಲಿ ಮಣ್ಣಿನಲ್ಲಿ ಸೋಂಕಿನ ಮೂಲ ಇರಬಹುದು ಅಂತ. ಪ್ರೀತಿ ತೋರಿಸುವ ಮಾಮೂಲಿ ದಾರಿಗಳೆಲ್ಲ ಮುಚ್ಚಿಬಿಡುತ್ತವೆ.

ಆಗ ನನಗೆ ತುಂಬ ಮುಖ್ಯ ಅನ್ನಿಸಿದ ಒಂದು ಸಹಾಯ ಹೇಳುತ್ತೇನೆ. ಮಕ್ಕಳು ಶಾಲೆ ಬಿಟ್ಟ ಮೇಲೆ ಒಬ್ಬ ಪಕ್ಕದ ಮನೆಯವರ ಹತ್ತಿರ ಇರುತ್ತಿದ್ದರು. ಓದು, ಊಟ, ಆಟ ಎಲ್ಲ ಅಲ್ಲೇ. ಒಂದು ದಿನ ಆಕೆ ಬೆಳಿಗ್ಗೆಯೇ ಫೋನ್ ಮಾಡಿ, "ನನ್ನ ಮಗನ ಮೈಮೇಲೆ ಗುಳ್ಳೆ ಎದ್ದಿವೆ, ಚಿಕನ್‌ಪಾಕ್ಸ್ ಇರಬೇಕು. ನಿಮ್ಮ ಮಕ್ಕಳು ನಿನ್ನೆ ಇಲ್ಲೇ ಇದ್ದರು. ಆಸ್ಪತ್ರೆಗೆ ಈಗಲೇ ಹೇಳಿ" ಅಂದರು. ಗುಳ್ಳೆ ಕಾಣಿಸುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ. ರೋಗನಿರೋಧಕ ಶಕ್ತಿ ಇಲ್ಲದವರಿಗೆ ಅದು ಪ್ರಾಣಕ್ಕೇ ಬರಬಹುದು. ಮಕ್ಕಳಿಂದ ಅವರಮ್ಮನಿಗೆ, ಅಲ್ಲಿಂದ ವಾರ್ಡಿಗೆ ಹೋಗುವ ದಾರಿ ತೀರಾ ಚಿಕ್ಕದು. ಆಕೆ ಸಂಕೋಚಪಟ್ಟು ಒಂದು ದಿನ ಸುಮ್ಮನಿದ್ದಿದ್ದರೆ? "ನೋಡೋಣ, ಸೊಳ್ಳೆ ಕಡಿತ ಇರಬಹುದು" ಅಂತ ಅಂದುಕೊಳ್ಳುವುದು ಎಷ್ಟು ಸುಲಭ ಇತ್ತು. ವೈದ್ಯರಿಗೆ ವಿಷಯ ತಿಳಿದು, ಯಾರು ಯಾರನ್ನು ಭೇಟಿ ಮಾಡಬಾರದು ಅಂತ ಅವರೇ ತೀರ್ಮಾನಿಸಿದರು. ಮಕ್ಕಳು ಕೆಲವು ವಾರ ಅಪ್ಪನನ್ನು ಗಾಜಿನಾಚೆಯಿಂದಲೂ ನೋಡಲಿಲ್ಲ, ಬರೀ ಫೋನಿನಲ್ಲಿ. ಆಕೆ ಮಾತ್ರ ನಮ್ಮ ಮನೆಯವರ ಮುಖ ನೋಡಲು ಆಗದೆ ತುಂಬ ದಿನ ನಾಚಿಕೊಂಡಿದ್ದರು. ಮಕ್ಕಳ ತಾಯಿ ಅವರ ಮನೆ ಬಾಗಿಲಿಗೇ ಹೋಗಿ, "ನೀವು ಫೋನ್ ಮಾಡಿದ್ದಕ್ಕೆ ಅವರು ಸುರಕ್ಷಿತವಾಗಿ ಇದ್ದಾರೆ" ಅಂತ ಹೇಳಬೇಕಾಯಿತು.

ಎಲ್ಲರೂ ಹೀಗಿರಲಿಲ್ಲ. ಒಬ್ಬ ನೆಂಟರು, ಒಳಗೆ ಬಿಡಲಿಲ್ಲ ಅಂತ ನಮ್ಮ ಮೇಲೆ ಮುನಿಸಿಕೊಂಡರು. ಇನ್ನೊಬ್ಬರು ಬಂದಾಗಲೆಲ್ಲ ಇದೇ ಕಾಯಿಲೆಯಲ್ಲಿ ತೀರಿಕೊಂಡವರ ವಿಷಯ ತೆಗೆಯುತ್ತಿದ್ದರು. ಮತ್ತೆ ಕೆಲವರು ಕೀಮೋ ನಿಲ್ಲಿಸಿ ಬೇರೆ ಏನೇನೋ ಕೊಡಿ ಅಂತ ದಿನಾ ಕಳಿಸುತ್ತಿದ್ದರು. ಇವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅಂತ ತಮ್ಮ ಹೇಳುತ್ತಾನೆ. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ.

ಸೂಸನ್ ಸಿಲ್ಕ್ ಅನ್ನುವ ಮನಶ್ಶಾಸ್ತ್ರಜ್ಞೆ, ಬ್ಯಾರಿ ಗೋಲ್ಡ್‌ಮನ್ ಅನ್ನುವವರ ಜೊತೆ ಸೇರಿ 2013ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಬರೆದ ಒಂದು ಸರಳ ಸೂತ್ರ ಇದೆ. ಸಿಲ್ಕ್ ಅವರಿಗೇ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಗಿ ಯಾರನ್ನೂ ನೋಡುವ ಶಕ್ತಿ ಇಲ್ಲದಿದ್ದಾಗ, ನೋಡಲು ಬರುತ್ತೇನೆ ಅಂದ ಸಹೋದ್ಯೋಗಿ "ಇದು ಬರೀ ನಿನ್ನ ವಿಷಯ ಅಲ್ಲ" ಅಂದರಂತೆ. ಸೂತ್ರ ಇಷ್ಟೇ: ರೋಗಿ ನಡುವೆ, ಅವರ ಸುತ್ತ ಹತ್ತಿರದವರ ವೃತ್ತ, ಅದರಾಚೆ ಸ್ನೇಹಿತರು, ಅದರಾಚೆ ಪರಿಚಿತರು. ಸಮಾಧಾನ ಒಳಮುಖವಾಗಿ ಹೋಗಬೇಕು, ನಿಮ್ಮ ಅಳು, ಭಯ, ಸಿಟ್ಟೆಲ್ಲ ಹೊರಮುಖವಾಗಿ ಹೋಗಬೇಕು. ಫೋನ್ ನೋಡಿಕೊಂಡ ಸಹೋದ್ಯೋಗಿ ಇದನ್ನು ಓದಿರಲಿಕ್ಕಿಲ್ಲ. ಆದರೆ ಅವರು ಮಾಡಿದ್ದು ಅದನ್ನೇ. ಹೊರಗಿನ ವೃತ್ತದ ಅಳುವನ್ನೆಲ್ಲ ತಾವೇ ಕೇಳಿಸಿಕೊಂಡು, ಒಳಗೆ ಬಿಡಲಿಲ್ಲ.

ಹಣ, ಋಣ

ಹಣದ ವಿಷಯ ಬರೆಯುವುದು ಬೇಡ ಅಂತ ಅಮ್ಮ ಹೇಳಿದಳು. ತಮ್ಮ ಬರಿ ಅಂದ.

ಅವನ ಕೆಲಸದ ಜಾಗದವರು ಅವನಿಗೆ ಹೇಳದೆ ಒಂದು ಮೊತ್ತ ಕೂಡಿಸಿದರು. ಕೊಟ್ಟವರ ಪಟ್ಟಿಯನ್ನು ಮನೆಯವರಿಗೆ ಕೊಡಲಿಲ್ಲ, ಒಟ್ಟು ಎಷ್ಟು ಅನ್ನುವುದನ್ನು ಮಾತ್ರ ಹೇಳಿ ಆಸ್ಪತ್ರೆಯ ಖಾತೆಗೆ ಕಟ್ಟಿದರು. ಯಾರು ಎಷ್ಟು ಕೊಟ್ಟರು ಅಂತ ತಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮೊದಲು ಅವನಿಗೆ ಇದು ಕಸಿವಿಸಿ ಆಯಿತು, ತೀರಿಸುವುದಕ್ಕೆ ಹೆಸರಾದರೂ ಗೊತ್ತಿರಬೇಡವೇ ಅಂತ. ಆಮೇಲೆ ಅದೇ ಅವನಿಗೆ ಉಸಿರಾಡಲು ಜಾಗ ಕೊಟ್ಟಿತು. ಕಚೇರಿಗೆ ವಾಪಸ್ ಹೋದಾಗ ಎಲ್ಲರ ಮುಖವನ್ನೂ ಒಂದೇ ಥರ ನೋಡಬಹುದಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು. ಒಬ್ಬ ಅನುಕೂಲಸ್ಥರು ದೊಡ್ಡ ಮೊತ್ತ ಕೊಟ್ಟರು, ಸಾಲ ಅಲ್ಲ ಅಂತಲೇ ಕೊಟ್ಟರು. ಆದರೆ ಆಮೇಲೆ ಯಾವ ವೈದ್ಯರ ಹತ್ತಿರ ಹೋಗಬೇಕು, ಮಕ್ಕಳನ್ನು ಯಾರ ಮನೆಯಲ್ಲಿ ಬಿಡಬೇಕು, ಮನೆಗೆ ಹೊಸದಾಗಿ ಒಂದು ಫ್ಯಾನ್ ಯಾಕೆ ಬಂತು, ಎಲ್ಲವನ್ನೂ ಕೇಳತೊಡಗಿದರು. ಕೊಟ್ಟಿದ್ದು ನಿಜ, ಕೆಲಸಕ್ಕೆ ಬಂದಿದ್ದೂ ನಿಜ. ಆದರೂ ಅವರ ಹೆಸರು ಫೋನಿನಲ್ಲಿ ಕಂಡರೆ ತಮ್ಮನ ಹೆಂಡತಿಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಇದು ಕೃತಘ್ನತೆ ಅಂತ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನನಗೆ ಹಾಗೆ ಅನ್ನಿಸುವುದಿಲ್ಲ. ಫಿಲಿಪ್ ವಾಟ್ಕಿನ್ಸ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಟ್ಟವರು ಪ್ರತಿಯಾಗಿ ನಿರೀಕ್ಷಿಸುವುದು ಹೆಚ್ಚಾದಷ್ಟೂ ಪಡೆದವರಲ್ಲಿ ಋಣದ ಭಾರ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ ಅಂತ ಕಂಡುಬಂತು. ಎರಡೂ ಒಂದೇ ಅಂತ ನಾವು ಬೆರೆಸಿಬಿಡುತ್ತೇವೆ. ಆ ಮನೆಯಲ್ಲಿ ಒಂದೇ ವರ್ಷದಲ್ಲಿ ಎರಡನ್ನೂ ನಾನು ಬೇರೆ ಬೇರೆಯಾಗಿ ನೋಡಿದೆ.

ಕಸಿ ಆದ ಮೇಲೆ

ಕಸಿಯ ದಿನ ಎಲ್ಲರೂ ಕಾಯುವ ದಿನ. ಆದರೆ ನೋಡುವುದಕ್ಕೆ ಅಲ್ಲೇನೂ ಇಲ್ಲ, ಒಂದು ಚೀಲದಿಂದ ರಕ್ತದ ಥರದ್ದು ನಾಳಕ್ಕೆ ಇಳಿಯುತ್ತದೆ ಅಷ್ಟೇ. ಒಡಹುಟ್ಟಿದ ಒಬ್ಬರ ಎಚ್‌ಎಲ್‌ಎ (ಕಸಿಗೆ ಮೊದಲು ಹೋಲಿಸಿ ನೋಡುವ, ಕಣಗಳ ಮೇಲಿನ ಗುರುತು) ಪೂರ್ತಿ ಹೊಂದುವ ಸಾಧ್ಯತೆ ಶೇ. 25. ನನ್ನದು ಹೊಂದಿತು, ಅದರಲ್ಲಿ ನನ್ನ ಪಾಲಿನ ಸಾಧನೆ ಏನೂ ಇಲ್ಲ. ನಮ್ಮಿಬ್ಬರ ರಕ್ತದ ಗುಂಪು ಮಾತ್ರ ಬೇರೆ, ಅವನದು ಬಿ, ನನ್ನದು ಓ. ಕಸಿಗೆ ಅದು ಅಡ್ಡಿಯಲ್ಲ, ಕ್ರಮೇಣ ರೋಗಿಯ ಗುಂಪೇ ಕೊಟ್ಟವರ ಗುಂಪಿಗೆ ಬದಲಾಗುತ್ತದೆ. ಕ್ಯಾಲೆಂಡರ್ ಹುಡುಗನಿಗೆ ಮಾತ್ರ ತಲೆನೋವು. ಆ ಮಧ್ಯದ ಅವಧಿಯಲ್ಲಿ ಕೆಂಪು ಕಣ ಓ ಗುಂಪಿನದು, ಪ್ಲೇಟ್‌ಲೆಟ್ ಬಿ ಗುಂಪಿನದು ಬೇಕು ಅಂದಾಗ ಪೂರ್ತಿ ಪಟ್ಟಿಯನ್ನು ಮತ್ತೆ ಬರೆದ.

ಹೊಸ ಮಜ್ಜೆ ಕೂರಲು ಎರಡು ಮೂರು ವಾರ. ಅದಾದ ಮೇಲೂ ಮೊದಲ 100 ದಿನ ತುಂಬ ಎಚ್ಚರದ ಅವಧಿ, ಜೊತೆಗೆ ಸದಾ ಒಬ್ಬರು ಇರಲೇಬೇಕು. ಕಸಿ ಮಾಡಿದ ಕಣಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳಬಹುದು. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ರಕ್ಷಣೆ ಅಳಿಸಿಹೋಗುವುದರಿಂದ, ಮುಂದೆ ಅವನ್ನು ಮತ್ತೆ ಮೊದಲಿಂದ ಹಾಕಿಸಬೇಕು. ಇಷ್ಟೆಲ್ಲ ಇದ್ದರೂ ಹೊರಗಿನವರ ಪಾಲಿಗೆ ಕಥೆ ಮುಗಿದಿರುತ್ತದೆ. ಮನೆಗೆ ಬಂದನಂತೆ, ಸದ್ಯ! ಸಂಜೆಯ ಮೆಸೇಜಿಗೆ ಜನ ಕಡಿಮೆಯಾದರು. ಯಾರನ್ನೂ ದೂರುವಂತಿಲ್ಲ, ಎಲ್ಲರಿಗೂ ಅವರವರ ಮನೆ ಇದೆ.

ಈ ಉದ್ದದ, ಬೇಸರದ ಅವಧಿಯಲ್ಲಿ ಉಳಿದವರು ಕೆಲವರೇ. ಅವರು ಮಾಡಿದ್ದು ಯಾವುದೂ ಹೇಳಿಕೊಳ್ಳುವಂಥದ್ದಲ್ಲ. ಒಬ್ಬರು ವಾರಕ್ಕೊಮ್ಮೆ ಬಂದು ಸ್ನಾನದ ಮನೆ ತೊಳೆದು ಹೋಗುತ್ತಿದ್ದರು, ಶಿಲೀಂಧ್ರ ಬೆಳೆಯಬಾರದು ಅಂತ. ಒಬ್ಬರು ತಪಾಸಣೆಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ, ವರದಿ ಬರುವವರೆಗೆ ಹೊರಗೆ ಕೂತು ಪೇಪರ್ ಓದಿ, ವಾಪಸ್ ಬಿಡುತ್ತಿದ್ದರು, ದಾರಿಯಲ್ಲಿ ಕಾಯಿಲೆಯ ಮಾತೇ ಎತ್ತದೆ. ದೊಡ್ಡ ಮಗಳ ಟೀಚರ್, ಅವಳಿಗೆ ಗೊತ್ತಾಗದ ಹಾಗೆ, ಹೋಮ್‌ವರ್ಕ್ ಗಡುವನ್ನು ಇಡೀ ಕ್ಲಾಸಿಗೇ ಮುಂದಕ್ಕೆ ಹಾಕುತ್ತಿದ್ದರಂತೆ. ಇದು ನಮಗೆ ತಿಳಿದಿದ್ದು ವರ್ಷದ ಮೇಲೆ, ಬೇರೆ ಪೋಷಕರ ಬಾಯಿಂದ.

ನಯಲ್ ಬೋಲ್ಜರ್ ಮತ್ತು ಸಂಗಡಿಗರ 2000ದ ಅಧ್ಯಯನ ಒಂದು ಇದೆ. ವಕೀಲಿಕೆಯ ಕಠಿಣ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ದಿನಾ ಡೈರಿ ಬರೆದರು. ಸಂಗಾತಿ ಸಹಾಯ ಮಾಡಿದ್ದಾರೆ, ಆದರೆ ಓದುವವರಿಗೆ ಅದು ಸಹಾಯ ಅಂತಲೇ ಗೊತ್ತಾಗಿಲ್ಲ, ಅಂಥ ದಿನಗಳ ಆಸರೆಯೇ ಮನಸ್ಸಿಗೆ ಹೆಚ್ಚು ಒಳ್ಳೆಯದು ಮಾಡಿತ್ತು. ಕಣ್ಣಿಗೆ ಕಂಡ ಸಹಾಯ ಕೆಲವೊಮ್ಮೆ "ನನ್ನ ಕೈಲಿ ಆಗುತ್ತಿಲ್ಲ" ಅನ್ನುವುದನ್ನು ನೆನಪಿಸುತ್ತದೆ. ಟೀಚರ್ ಮಾಡಿದ್ದು ಇದೇ. ಆದರೆ ಇದರಲ್ಲಿ ಒಂದು ತೊಡಕಿದೆ. ಕಾಣದ ಸಹಾಯಕ್ಕೆ ಥ್ಯಾಂಕ್ಸ್ ಹೇಳುವುದು ಹೇಗೆ? ನನ್ನ ಹೊಗಳಿಕೆಯ ರಾಶಿ ಎಲ್ಲಿಂದ ಬಂತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ನಾನು ಕೊಟ್ಟಿದ್ದು ಒಂದು ಚೀಲದಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ತಮ್ಮ ಬರೆದ ಕಾಗದಗಳು

ಸ್ವಲ್ಪ ಶಕ್ತಿ ಬಂದ ಮೇಲೆ ತಮ್ಮ ಎಲ್ಲರ ಪಟ್ಟಿ ಮಾಡಿದ. ಒಟ್ಟಿಗೆ ಒಂದು ಮೆಸೇಜ್ ಕಳಿಸಿದರೆ ಆಯಿತು ಅಂತ ಕೆಲವರು ಹೇಳಿದರು. ಅವನು ಅದನ್ನು ಬರೆದ, ಓದಿದ, ಅಳಿಸಿದ. "ನಿಮ್ಮೆಲ್ಲರ ಪ್ರೀತಿಗೆ ಚಿರಋಣಿ" ಅಂದರೆ ಬಸ್ ಚಾಲಕರಿಗೂ ಹೂವು ಕಳಿಸಿದವರಿಗೂ ಒಂದೇ ಆಗುತ್ತದಲ್ಲ ಅಂದ. ಆಮೇಲೆ ಒಬ್ಬೊಬ್ಬರಿಗೆ ಬರೆಯಲು ಕೂತರೆ ಕೈ ಓಡಲಿಲ್ಲ. ಏನು ಬರೆದರೂ ನಾಟಕದ ಮಾತಿನಂತೆ ಅನ್ನಿಸುತ್ತಿತ್ತು, ಅವರಿಗೂ ಮುಜುಗರ ಆಗಬಹುದು ಅಂತ ಹಿಂಜರಿಕೆ.

ಈ ಹಿಂಜರಿಕೆ ಅವನೊಬ್ಬನದ್ದಲ್ಲ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೃತಜ್ಞತೆಯ ಪತ್ರ ಬರೆದವರು ಓದುವವರಿಗೆ ಆಗುವ ಮುಜುಗರವನ್ನು ಜಾಸ್ತಿ ಅಂದುಕೊಂಡಿದ್ದರು, ಸಂತೋಷವನ್ನು ಕಡಿಮೆ ಅಂದುಕೊಂಡಿದ್ದರು. ಬರೆಯುವವರು ಪದ ಸರಿಯಾಗಿದೆಯೇ ಅಂತ ಒದ್ದಾಡುತ್ತಾರೆ, ಓದುವವರು ನೋಡುವುದು ಅದರಲ್ಲಿರುವ ಆತ್ಮೀಯತೆಯನ್ನು.

ತಮ್ಮ ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು. ಹೊಗಳಿಕೆ ಪೂರ್ತಿ ಬಿಟ್ಟ. ನೀವು ಏನು ಮಾಡಿದಿರಿ, ಆ ಹೊತ್ತಿನಲ್ಲಿ ಅದರಿಂದ ನಮಗೆ ಏನಾಯಿತು ಅನ್ನುವುದನ್ನು ಮಾತ್ರ ಬರೆದ. ನಿವೃತ್ತ ಕ್ಲರ್ಕಿಗೆ: "ನೀವು ಕಾಗದ ನೋಡಿಕೊಂಡ ಮೇಲೆ ನನ್ನ ಹೆಂಡತಿ ಆಸ್ಪತ್ರೆಗೆ ಬರುವಾಗ ಫೈಲ್ ತರುವುದು ನಿಲ್ಲಿಸಿದಳು. ಕೂತು ಮಾತಾಡುವುದಕ್ಕೆ ಶುರು ಮಾಡಿದಳು." ಗಾಡಿಯಲ್ಲಿ ಕರೆದುಕೊಂಡು ಹೋದವರಿಗೆ: "ವಾರದಲ್ಲಿ ನಾನು ರೋಗಿ ಅಲ್ಲದೆ ಇದ್ದ ಹೊತ್ತು ಅಂದರೆ ನಿಮ್ಮ ಗಾಡಿಯಲ್ಲಿ ಕೂತ ಹೊತ್ತು ಮಾತ್ರ." ಅವರು ಇದನ್ನು ಓದಿ, ಏನು ಹೇಳಬೇಕೋ ತಿಳಿಯದೆ, "ಟೈರ್ ಬದಲಾಯಿಸಿದ್ದೇನೆ, ಈಗ ಇನ್ನೂ ಚೆನ್ನಾಗಿ ಓಡುತ್ತೆ" ಅಂತ ಉತ್ತರ ಕಳಿಸಿದರು.

ಕೆಲವು ಕಾಗದ ತಲುಪಲಿಲ್ಲ. ಕ್ಯಾಲೆಂಡರಿನ ಆಚೆಗೂ, ತುರ್ತಿನಲ್ಲಿ ರಕ್ತನಿಧಿಯ ದಾಸ್ತಾನಿನಿಂದ ಬಂದ ಚೀಲಗಳ ಮೇಲೆ ಇದ್ದಿದ್ದು ನಂಬರ್ ಮಾತ್ರ, ಕೊಟ್ಟವರು ಯಾರು ಅಂತ ಹೇಳುವುದಿಲ್ಲ, ಹೇಳಬಾರದು ಕೂಡ. ಅವರಿಗೆ ಅಂತ ಒಂದು ಕಾಗದ ಬರೆದು ರಕ್ತನಿಧಿಗೆ ಕೊಟ್ಟ. ಗೋಡೆಗೆ ಹಚ್ಚಿದರೋ ಇಲ್ಲವೋ ನಾವು ಹೋಗಿ ನೋಡಿಲ್ಲ. ಪ್ರಶ್ನೆಗಳ ಅನುಕೂಲಸ್ಥರಿಗೂ ಬರೆದ, ಎರಡೇ ಸಾಲು, ಎರಡೂ ನಿಜ: ಆ ಹಣದಿಂದ ಯಾವ ಔಷಧಿ ತಡವಾಗದೆ ಬಂತು, ಅದಕ್ಕೆ ಧನ್ಯವಾದ. ಅದಕ್ಕಿಂತ ಜಾಸ್ತಿ ಬರೆಯಲು ಅವನ ಹೆಂಡತಿ ಬಿಡಲಿಲ್ಲ.

ಪಕ್ಕದ ಮನೆಯಾಕೆ ಕಾಗದ ಬೇಡವೇ ಬೇಡ ಅಂದರು. "ನಾಳೆ ನನಗೆ ಬೇಕಾದಾಗ ಬಾ" ಅಂದರಷ್ಟೇ. ಹಾಗೇ ಆಯಿತು ಕೂಡ. ಅವರು ಕಾಲು ಮುರಿದುಕೊಂಡು ಮಲಗಿದಾಗ ನಮ್ಮ ಮಕ್ಕಳೇ ಅವರ ಮಗನನ್ನು ಶಾಲೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು.

ತಮ್ಮನಿಗೆ ಒಂದು ಕೊರಗು ಉಳಿದಿದೆ. ಲ್ಯುಕೇಮಿಯಾ ಬಂದವರು ಗುಣವಾದ ಮೇಲೂ ರಕ್ತ ಕೊಡುವ ಹಾಗಿಲ್ಲ, ಜೀವನಪೂರ್ತಿ. ತೆಗೆದುಕೊಂಡ ರೂಪದಲ್ಲೇ ಹಿಂದಿರುಗಿಸುವ ದಾರಿ ಅವನಿಗೆ ಮುಚ್ಚಿದೆ. ಅವನ ಹೆಂಡತಿ ಕೊಡಲು ಹೋದರೆ ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸಿದರು. ಅವಳು ಸುಮ್ನೆ ಕೂರುವ ಪೈಕಿ ಅಲ್ಲ. ಕ್ಯಾಲೆಂಡರ್ ಹುಡುಗನಿಂದ ಆ ಪಟ್ಟಿ ಇಸಿದುಕೊಂಡು, ಗುಂಪು ಗುಂಪಾಗಿ ವಿಂಗಡಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಮುಂದೆಯೂ ಕರೆಯಬಹುದಾ ಅಂತ ಕೇಳಿ ಇಟ್ಟುಕೊಂಡಿದ್ದಾಳೆ.

ಈಚೆಗೆ ಅದೇ ವಾರ್ಡಿಗೆ ಇನ್ನೊಂದು ಮನೆಯವರು ಬಂದರು. ಅಲ್ಲಿನ ನರ್ಸ್ ಇವಳ ಹತ್ತಿರ ಮಾತಾಡಿ ಅಂತ ಅವರಿಗೆ ಹೇಳಿದ್ದರು. ಆ ಹೆಣ್ಣುಮಗಳು ಅಳುತ್ತಾ, ಏನು ಮಾಡಬೇಕು, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದಳು. ಇವಳು ಧೈರ್ಯದ ಮಾತೇನೂ ಹೇಳಲಿಲ್ಲ. "ಮೊದಲು ನಿಮ್ಮ ಫೋನನ್ನು ಯಾರ ಕೈಗೆ ಕೊಡುತ್ತೀರಿ ಹೇಳಿ" ಅಂದಳು. "ನಿಮ್ಮ ಅಮ್ಮ ಬೇಡ. ಸ್ವಲ್ಪ ದೂರದವರು ಯಾರಾದರೂ ಇದ್ದರೆ ನೋಡಿ."